ತಿರುಗಿಸುವ ಮೊದಲು ಹೇಳಿ

ಹಾಸನದ ಒಂದು ಆಸ್ಪತ್ರೆಯಲ್ಲಿ 11 ವರ್ಷದಿಂದ ನರ್ಸ್ ಆಗಿದ್ದೇನೆ. ಸ್ಟ್ರೋಕ್ ಆಗಿ ತಾವಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಆದರೆ ಮಲಗಿದವರಿಗೆ ಅದು ಹೇಗಿರುತ್ತದೆ ಅಂತ ನನಗೆ ತಿಳಿದದ್ದು ತುಂಬಾ ತಡವಾಗಿ.

ಆಲೂರು ಕಡೆಯ ಯಜಮಾನರು ಒಬ್ಬರು ಬಂದಿದ್ದರು. ಬೆಳಿಗ್ಗೆ ಹಾಲು ಕರೆಯುವಾಗ ಬಲಗೈ ಬಿದ್ದುಹೋಗಿತ್ತು, ಬಾಯಿ ಸೊಟ್ಟಗಾಗಿತ್ತು. ಲಕ್ವ ಅಂತ ಯಾರೋ ಎಣ್ಣೆ ತಿಕ್ಕಿಸಲು ಹೇಳಿ, ಅದೆಲ್ಲ ಮುಗಿಸಿಕೊಂಡು ಆಸ್ಪತ್ರೆಗೆ ಬರುವಷ್ಟರಲ್ಲಿ ಸಂಜೆ. ಮಿದುಳಿನ ರಕ್ತನಾಳದ ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಸ್ಟ್ರೋಕ್ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಹೊತ್ತು ಮೀರಿತ್ತು. ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ ಮಾತು ನಿಂತಿತ್ತು. ಕೆಲವರಿಗೆ ಹೀಗಾದಾಗ ಕೇಳಿದ್ದೂ ಅರ್ಥವಾಗುವುದಿಲ್ಲ, ಇವರಿಗೆ ಎಲ್ಲ ಅರ್ಥವಾಗುತ್ತಿತ್ತು.

ಮೂರನೇ ರಾತ್ರಿ ನಾನೂ ಆಯಾನೂ ನಮ್ಮ ಪಾಡಿಗೆ ಏನೋ ಮಾತಾಡಿಕೊಂಡು ಅವರನ್ನು ಬಲಕ್ಕೆ ತಿರುಗಿಸಿದೆವು. ಅವರು ಎಡಗೈ ಚಾಚಿ ಮಂಚದ ಕಂಬಿ ಹಿಡಿದುಕೊಂಡರು. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು, ಕಣ್ಣೀರು ಕಿವಿಯ ಕಡೆ ಇಳಿಯುತ್ತಿತ್ತು. ನೋವಾ ಅಂತ ಕೇಳಿದೆ, ಅಲ್ಲ ಅಂತ ತಲೆಯಾಡಿಸಿದರು. ಬೀಳ್ತೀನಿ ಅನ್ನಿಸ್ತಾ? ಹೌದು ಅಂತ ಕಣ್ಣು ಮುಚ್ಚಿದರು. ಬಲಭಾಗ ಇದೆ ಅಂತಲೇ ಅವರಿಗೆ ಗೊತ್ತಾಗುತ್ತಿರಲಿಲ್ಲ, ನಾವು ಮೂಟೆ ಉರುಳಿಸಿದ ಹಾಗೆ ಆ ಕಡೆಗೇ ಉರುಳಿಸುತ್ತಿದ್ದೆವು.

ಅವತ್ತಿಂದ ಮೊದಲು ಅವರ ಮುಖದ ಎದುರು ನಿಲ್ಲುತ್ತೇನೆ. "ಯಜಮಾನ್ರೇ, ಬಲಕ್ಕೆ ತಿರುಗಿಸ್ತೀನಿ, ನೀವು ಕಂಬಿ ಹಿಡ್ಕೊಳ್ಳಿ. ಒಂದು, ಎರಡು, ಮೂರು." ಬಿದ್ದ ಕೈಯನ್ನು ಎಳೆಯುವುದಿಲ್ಲ, ಭುಜ ಜಾರುತ್ತದೆ, ದಿಂಬು ಕೊಟ್ಟು ಇಡುತ್ತೇನೆ. ಎರಡು ದಿನ ಬಿಟ್ಟು ನಾನು "ಒಂದು, ಎರಡು" ಅಂದಾಗ ಅವರೇ "ಮೂರು" ಅಂದುಬಿಟ್ಟರು! ಮಾತು ಹೋದವರಿಗೂ ಎಣಿಕೆ, ದೇವರ ನಾಮ, ಹಳೇ ಹಾಡು ತಾನಾಗಿ ಬರುವುದುಂಟು. ಆಮೇಲೆ ಎಷ್ಟು ಪ್ರಯತ್ನಪಟ್ಟರೂ ಹೆಂಡತಿಯ ಹೆಸರು ಬರಲಿಲ್ಲ.

ಇನ್ನೊಂದು ವಿಷಯ. ಮಗ ಮಂಚದ ಪಕ್ಕದಲ್ಲೇ ನಿಂತು "ಸಿಸ್ಟರ್, ಇವರು ಮತ್ತೆ ಎದ್ದು ಓಡಾಡ್ತಾರಾ?" ಅಂತ ಕೇಳಿದ. ಯಜಮಾನರು ಗೋಡೆ ಕಡೆ ಮುಖ ಮಾಡಿದರು. ಅಂಥ ಮಾತನ್ನು ಈಗ ಹೊರಗೆ ಕರೆದುಕೊಂಡು ಹೋಗಿ ಆಡುತ್ತೇನೆ, ಇಲ್ಲವೇ ಅವರನ್ನೂ ಸೇರಿಸಿಕೊಂಡು ಆಡುತ್ತೇನೆ. ಕಾಫಿ ವಿಷಯಕ್ಕೂ ಅಷ್ಟೇ. ಹೆಂಡತಿ ಪ್ರೀತಿಯಿಂದ ಕುಡಿಸಲು ಬಂದರು, ತಡೆದೆ. ನುಂಗಲು ಸರಿಯಾಗಿ ಬರದಿದ್ದರೆ ತೆಳ್ಳಗಿರುವುದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು ಅಂತ ಅವರಿಗೆ ಮಾತ್ರ ಅಲ್ಲ, ಯಜಮಾನರಿಗೂ ಹೇಳಿದೆ. ಪರೀಕ್ಷೆ ಮಾಡಿ ನೋಡಿದ ಮೇಲೆ ಕೂರಿಸಿ, ಗದ್ದ ಕೆಳಗೆ ಮಾಡಿಸಿ, ಗಟ್ಟಿ ರಾಗಿ ಗಂಜಿ ಒಂದೊಂದೇ ಚಮಚ ಕೊಟ್ಟೆವು.

ಡಿಸ್ಚಾರ್ಜ್ ದಿನ ಅಂಗಿ ತೊಡಿಸುವಾಗ ನಾನು ಹೇಳುವ ಮೊದಲೇ ಹೆಂಡತಿ ಬಿದ್ದ ಕೈಯನ್ನು ಮೊದಲು ತೋಳಿಗೆ ತೂರಿಸಿದರು. "ರೀ, ಈಗ ಆ ಕೈ ಕೊಡಿ" ಅಂದರು. ಅವರು ಎಡಗೈ ತಾವೇ ಎತ್ತಿ ಕೊಟ್ಟರು.