ರಜೆಗೆ ನಿಮ್ಮ ಏರಿಯಾದಲ್ಲೇ ಒಂದು ರೋಬೋ ವರ್ಕ್‌ಶಾಪ್

ಪರೀಕ್ಷೆ ಮುಗಿದು ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳೆಲ್ಲ ಮೊಬೈಲ್ ಹಿಡಿದು ಕೂತಿದ್ದಾರೆ, ಅಲ್ವಾ? ಅವರಿಗಾಗಿ ನೀವೇ ಐದು ದಿನದ ವರ್ಕ್‌ಶಾಪ್ ಮಾಡಬಹುದು, ಗೋಡೆ ಕಂಡರೆ ತಾನೇ ತಿರುಗುವ ಪುಟ್ಟ ಗಾಡಿಯನ್ನು ಮಕ್ಕಳೇ ಕಟ್ಟಲಿ. ಅಪಾರ್ಟ್‌ಮೆಂಟಿನ ಹಾಲ್ ಸಾಕು. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಇಟ್ಟುಕೊಳ್ಳಿ, ಏಕೆಂದರೆ ಬೆಂಗಳೂರಲ್ಲಿ ಏಪ್ರಿಲ್ ಸಂಜೆ ಮಳೆ ಬಂದರೆ ಕರೆಂಟ್ ನೆಚ್ಚಿಕೊಳ್ಳುವಂತಿಲ್ಲ.

ಇಬ್ಬರಿಗೆ ಒಂದು ಕಿಟ್. ಮೂವರಾದರೆ ಒಬ್ಬರು ಸುಮ್ನೆ ನೋಡುತ್ತಾ ಕೂರುತ್ತಾರೆ. ಅರ್ಧ ಗಂಟೆಗೊಮ್ಮೆ ಕೀಬೋರ್ಡ್ ಹಿಡಿದವರು ವೈರ್ ಹಿಡಿಯಲಿ, ವೈರ್ ಹಿಡಿದವರು ಕೀಬೋರ್ಡ್ ಹಿಡಿಯಲಿ.

ಸಾಮಾನಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿಗೆ ಹೋಗಿ, ಒಂದಿಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗಿ. ಆರ್ಡುಯಿನೊ ಊನೊ (ಲ್ಯಾಪ್‌ಟಾಪಿನಲ್ಲಿ ಬರೆದ ಕೋಡ್ ನಡೆಸುವ ಪುಟ್ಟ ಬೋರ್ಡ್), ಅದರ ಮಾತಿನಂತೆ ಮೋಟರಿಗೆ ಕರೆಂಟ್ ಕೊಡುವ ಎಲ್298ಎನ್ ಮೋಟರ್ ಡ್ರೈವರ್, ಗೇರ್ ಇರುವ ಎರಡು ಹಳದಿ ಮೋಟರ್, ಚಕ್ರ, ಬೆಸುಗೆ ಇಲ್ಲದೆ ವೈರ್ ಸಿಕ್ಕಿಸುವ ಬ್ರೆಡ್‌ಬೋರ್ಡ್, ಅದಕ್ಕೆ ಸಿಕ್ಕಿಸುವ ಜಂಪರ್ ವೈರ್, ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರ್. ಎಲ್ಲದರಲ್ಲೂ ಎರಡೆರಡು ಜಾಸ್ತಿ ತನ್ನಿ, ಸುಟ್ಟೇ ಸುಡುತ್ತವೆ. ಕಡಿಮೆ ಬೆಲೆಯ ಬೋರ್ಡನ್ನು ಲ್ಯಾಪ್‌ಟಾಪ್ ಗುರುತಿಸಲು ಹೆಚ್ಚಾಗಿ ಸಿಎಚ್340 ಡ್ರೈವರ್ ಎಂಬ ಸಾಫ್ಟ್‌ವೇರ್ ಬೇಕು. ಅದನ್ನು ಹಿಂದಿನ ದಿನವೇ ಲ್ಯಾಪ್‌ಟಾಪಿಗೆ ಹಾಕಿಡಿ.

ಬ್ಯಾಟರಿ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಮೊದಲ ಸಲ ಚೌಕದ 9 ವೋಲ್ಟ್ ಬ್ಯಾಟರಿ ತಂದೆ. ಮೋಟರ್ ಎಳೆಯುವಷ್ಟು ಕರೆಂಟ್ ಅದು ಕೊಡುವುದಿಲ್ಲ, ವೋಲ್ಟೇಜ್ ಕುಸಿದು ಬೋರ್ಡ್ ಮತ್ತೆ ಮತ್ತೆ ರೀಸೆಟ್ ಆಗುತ್ತಿತ್ತು, ಮಕ್ಕಳು ಪಾಪ ಎರಡು ಗಂಟೆ ಕೋಡಿನಲ್ಲಿ ತಪ್ಪು ಹುಡುಕಿದರು. ರೀಚಾರ್ಜ್ ಆಗುವ ಆರು ಡಬಲ್ ಎ ಸೆಲ್ ಸಾಲಾಗಿ ಹಾಕಿ, 7.2 ವೋಲ್ಟ್ ಸಿಗುತ್ತದೆ. ಮೋಟರ್ ಡ್ರೈವರ್ ಸುಮಾರು 2 ವೋಲ್ಟ್ ತಿಂದರೂ ಮೋಟರಿಗೆ ಸಾಕು. ಲಿಥಿಯಂ ಸೆಲ್ ಬೇಡ, ಶಾರ್ಟ್ ಆದರೆ ಬೆಂಕಿ ಹತ್ತಬಹುದು.

ಮೊದಲ ದಿನ ಎಲ್‌ಇಡಿ ಮಿನುಗಿಸಲಿ. ಎರಡನೇ ದಿನ ಸೆನ್ಸರ್. ಇದಕ್ಕೆ ಪೂರ್ತಿ ದಿನ ಕೊಡಿ, ನನಗೆ ಅತಿ ಇಷ್ಟದ ದಿನ ಇದೇ. ಸೆನ್ಸರ್ ಶಬ್ದ ಕಳಿಸಿ, ಅದು ತಿರುಗಿ ಬರುವ ಸಮಯ ಹೇಳುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಎಂದಷ್ಟೇ ಹೇಳಿ ಲೆಕ್ಕ ಅವರಿಗೇ ಬಿಡಿ. ಉತ್ತರ ನಿಜವಾದ ದೂರದ ಎರಡು ಪಟ್ಟು ಬರುತ್ತದೆ. ಹೇಳಿಕೊಡಬೇಡಿ! ಟೇಪ್ ಹಿಡಿದು ಅಳೆಯಲಿ, ಜಗಳವಾಡಲಿ. ಶಬ್ದ ಹೋಗಿಯೂ ಬರಬೇಕು, ಎರಡರಿಂದ ಭಾಗಿಸಬೇಕು ಅಂತ ಯಾರಾದರೊಬ್ಬರು ಕೂಗುತ್ತಾರೆ. ಆಮೇಲೆ ಗೋಡೆ ಬದಲು ದಿಂಬು ಇಟ್ಟು ನೋಡಲಿ, ಮೆತ್ತನೆಯದು ಶಬ್ದ ನುಂಗುವುದರಿಂದ ಅಳತೆ ಎಡವಟ್ಟಾಗುತ್ತದೆ.

ಮೂರನೇ ದಿನ ಮೋಟರ್. ಗಾಡಿ ಮಾತು ಕೇಳದಿದ್ದರೆ ಮೊದಲು ಗ್ರೌಂಡ್ ವೈರ್, ಅಂದರೆ ಮೈನಸ್ ಕಡೆಯ ವೈರ್, ನೋಡಲು ಹೇಳಿ. ಬೋರ್ಡ್, ಮೋಟರ್ ಡ್ರೈವರ್, ಬ್ಯಾಟರಿ ಮೂರರ ಗ್ರೌಂಡೂ ಒಂದಕ್ಕೊಂದು ಸೇರಿರಬೇಕು. ನಿಮ್ಮ ಕೈ ಮಾತ್ರ ಹಿಂದೆ ಕಟ್ಟಿಕೊಂಡಿರಿ, ವೈರ್ ಅವರೇ ಕಿತ್ತು ಸಿಕ್ಕಿಸಲಿ.

ನಾಲ್ಕನೇ ದಿನ ಸೆನ್ಸರ್, ಮೋಟರ್ ಎರಡನ್ನೂ ಜೋಡಿಸಿ, ಗೋಡೆ ಕಂಡರೆ ತಿರುಗುವ ಗಾಡಿ ಮಾಡಲಿ. ಕೊನೇ ದಿನ ಸ್ಪರ್ಧೆ ಬೇಡ. ಅಪ್ಪ ಅಮ್ಮಂದಿರನ್ನು ಕರೆಯಿರಿ. ಪ್ರತಿ ಜೋಡಿ ಗಾಡಿ ಓಡಿಸಿ ತೋರಿಸಿ, ಅದು ಎಲ್ಲಿ ಕೈಕೊಟ್ಟಿತು, ಹೇಗೆ ಸರಿ ಮಾಡಿದೆವು ಅಂತ ಕನ್ನಡದಲ್ಲೇ ಹೇಳಲಿ.