ಬ್ರೌಸರ್ ಕೈಕೊಟ್ಟರೆ ಎಲ್ಲಿಂದ ಶುರು ಮಾಡಬೇಕು?

ಅರ್ಜಿ ತುಂಬಲು ಅದೇ ಕೊನೆಯ ದಿನ, ಪುಟ ಅರ್ಧಕ್ಕೆ ನಿಂತು ಗಿರಗಿರ ಸುತ್ತುತ್ತಿದೆ. ಕರೆಂಟ್ ಬಿಲ್ಲಿನ ದುಡ್ಡು ಖಾತೆಯಿಂದ ಹೋಗಿದೆ, ರಸೀದಿ ಮಾತ್ರ ತೆರೆಯುತ್ತಿಲ್ಲ. ಇಂಥ ಹೊತ್ತಿನಲ್ಲಿ ಮನೆಯ ಕಂಪ್ಯೂಟರ್ ಮುಂದೆ ಕೂತವರು ಹೆಚ್ಚಾಗಿ ಮಾಡುವುದು ಎರಡು ಕೆಲಸ. ಯಾರೋ ಹೇಳಿದರೆಂದು ಕಂಡದ್ದಕ್ಕೆಲ್ಲ ಟಿಕ್ ಹಾಕಿ ‘ಹಿಸ್ಟರಿ ಕ್ಲಿಯರ್’ ಮಾಡುತ್ತಾರೆ, ಇಲ್ಲವೇ ಬ್ರೌಸರನ್ನೇ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕುತ್ತಾರೆ. ಮೊದಲನೆಯದರಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಅಳಿಸಿಹೋಗಬಹುದು. ಎರಡನೆಯದರಿಂದ ಬಹಳ ಸಲ ಏನೂ ಬದಲಾಗುವುದಿಲ್ಲ. ಬ್ರೌಸರಿನ ಸೆಟ್ಟಿಂಗ್, ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ), ಕುಕಿ (ಸೈಟುಗಳು ನಿಮ್ಮ ಗುರುತಿಗೆಂದು ಬ್ರೌಸರಿನಲ್ಲಿ ಇಡುವ ಸಣ್ಣ ಮಾಹಿತಿ) ಎಲ್ಲ ಬೇರೊಂದು ಫೋಲ್ಡರಿನಲ್ಲಿ ಇರುತ್ತವೆ. ತೆಗೆದುಹಾಕುವಾಗ ‘ಬ್ರೌಸಿಂಗ್ ಡೇಟಾ ಕೂಡ ಅಳಿಸು’ ಎಂಬ ಚೌಕಕ್ಕೆ ಟಿಕ್ ಹಾಕದಿದ್ದರೆ ಅವು ಅಲ್ಲೇ ಉಳಿದು, ಹೊಸದಾಗಿ ಹಾಕಿದ ಬ್ರೌಸರಿಗೆ ಹಳೆಯ ತೊಂದರೆಯನ್ನೇ ಒಪ್ಪಿಸುತ್ತವೆ.

ಹಾಗಾಗಿ ಏನನ್ನೂ ಅಳಿಸುವ ಮೊದಲು ತಪ್ಪು ಎಲ್ಲಿದೆ ಎಂದು ಗೊತ್ತುಮಾಡಿಕೊಳ್ಳಬೇಕು. ಅದಕ್ಕೆ ಕಂಪ್ಯೂಟರ್ ಕಲಿತಿರಬೇಕಿಲ್ಲ, ಐದು ನಿಮಿಷದ ತಾಳ್ಮೆ ಸಾಕು.

ಸೈಟೋ, ಬ್ರೌಸರೋ, ನೆಟ್ಟೋ?

ಮೊದಲು ಅದೇ ಬ್ರೌಸರಿನಲ್ಲಿ ಇನ್ನೊಂದೆರಡು ಸೈಟ್ ತೆರೆಯಿರಿ. ಅವು ಸರಿಯಾಗಿ ಬಂದರೆ ನೆಟ್ ಚೆನ್ನಾಗಿದೆ ಎಂದಾಯಿತು. ಆಮೇಲೆ ತೊಂದರೆ ಕೊಡುವ ಸೈಟನ್ನು ಮೊಬೈಲಿನಲ್ಲಿ ನೋಡಿ. ಆಗ ಮೊಬೈಲಿನ ವೈಫೈ ಆಫ್ ಮಾಡಿ ಸಿಮ್ ಡೇಟಾದಲ್ಲಿ ನೋಡುವುದು ಮುಖ್ಯ. ಅಲ್ಲೂ ಬರದಿದ್ದರೆ ಆ ಸೈಟಿನವರ ಸರ್ವರೇ ಕೂತಿದೆ ಎಂದು ತಿಳಿಯಬಹುದು. 500, 502, 503 ಈ ಸಂಖ್ಯೆಗಳು ಪರದೆಯ ಮೇಲೆ ಕಂಡರಂತೂ ಬಹುಮಟ್ಟಿಗೆ ಖಾತ್ರಿ: ತಪ್ಪು ಆ ಕಡೆಯದು, ನೀವು ಮನೆಯಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಬೇಕು. 404 ಎಂದರೆ ಸೈಟ್ ಇದೆ, ಆ ವಿಳಾಸದಲ್ಲಿ ಪುಟವಿಲ್ಲ.

ಮೊಬೈಲಿನಲ್ಲಿ ಬಂತು, ಕಂಪ್ಯೂಟರಿನಲ್ಲಿ ಬರುತ್ತಿಲ್ಲ ಎಂದಾದರೆ ಬೇರೆ ಬ್ರೌಸರಿನಲ್ಲಿ ನೋಡಿ. ವಿಂಡೋಸ್ 10 ಮತ್ತು 11ರ ಜೊತೆಗೆ ಎಡ್ಜ್ ಬಂದೇ ಇರುತ್ತದೆ. ಕ್ರೋಮ್‌ನಲ್ಲಿ ತೆರೆಯದ್ದು ಎಡ್ಜ್‌ನಲ್ಲಿ ತೆರೆದರೆ ಕ್ರೋಮ್‌ನ ಒಳಗೇ ಏನೋ ಕೆಟ್ಟಿದೆ. ಯಾವ ಬ್ರೌಸರಿನಲ್ಲೂ ಯಾವ ಸೈಟೂ ಬರುತ್ತಿಲ್ಲವೆಂದರೆ ರೂಟರಿನ ಪ್ಲಗ್ ತೆಗೆದು ಅರ್ಧ ನಿಮಿಷ ಬಿಟ್ಟು ಹಾಕಿ, ದೀಪಗಳೆಲ್ಲ ಮತ್ತೆ ಹತ್ತುವವರೆಗೆ ಕಾಯಿರಿ.

ದುಡ್ಡು ಕಟ್ಟುವ ನಡುವೆ ಪುಟ ನಿಂತರೆ ಇದ್ಯಾವುದನ್ನೂ ತಕ್ಷಣ ಮಾಡಬೇಡಿ. ರಿಫ್ರೆಶ್ ಒತ್ತಬೇಡಿ, ಮತ್ತೆ ಕಟ್ಟಲೂ ಹೋಗಬೇಡಿ. ಬ್ಯಾಂಕಿನ ಎಸ್ಸೆಮ್ಮೆಸ್ ಅಥವಾ ಖಾತೆಯ ವಿವರ ನೋಡಿ, ದುಡ್ಡು ಹೋಗಿದೆಯೋ ಇಲ್ಲವೋ ಗೊತ್ತಾದ ಮೇಲೆ ಮುಂದಿನ ಹೆಜ್ಜೆ ಇಡಿ.

ಇನ್‌ಕಾಗ್ನಿಟೋ ಪರೀಕ್ಷೆ

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕ್ರೋಮ್ ಅಥವಾ ಎಡ್ಜ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿ. ಫೈರ್‌ಫಾಕ್ಸ್‌ನಲ್ಲಾದರೆ ಎನ್ ಬದಲು ಪಿ. ಇನ್‌ಕಾಗ್ನಿಟೋ ಎಂಬ ಖಾಸಗಿ ಕಿಟಕಿ ತೆರೆದುಕೊಳ್ಳುತ್ತದೆ. ಬ್ರೌಸರಿನಲ್ಲಿ ಈವರೆಗೆ ಸೇರಿದ ಹಳೆಯ ಕುಕಿಗಳನ್ನು ಈ ಕಿಟಕಿ ಮುಟ್ಟುವುದಿಲ್ಲ. ನೀವಾಗಿ ಅನುಮತಿ ಕೊಟ್ಟಿರದಿದ್ದರೆ ಎಕ್ಸ್‌ಟೆನ್ಶನ್‌ಗಳೂ ಇಲ್ಲಿ ಕೆಲಸ ಮಾಡುವುದಿಲ್ಲ. ತೊಂದರೆಯ ಸೈಟನ್ನು ಇಲ್ಲಿ ತೆರೆದು ನೋಡಿ. ಸರಾಗವಾಗಿ ನಡೆದರೆ ಕಾರಣ ಎರಡರಲ್ಲೊಂದು: ಆ ಸೈಟಿನ ಹಳೆಯ ಕುಕಿ, ಕ್ಯಾಶ್ (ಬ್ರೌಸರ್ ಉಳಿಸಿಟ್ಟ ಪುಟದ ಹಳೆಯ ಕಡತಗಳು), ಇಲ್ಲವೇ ಯಾವುದೋ ಎಕ್ಸ್‌ಟೆನ್ಶನ್. ಅರ್ಜೆಂಟಿದ್ದರೆ ಇದೇ ಕಿಟಕಿಯಲ್ಲಿ ಅರ್ಜಿ ಮುಗಿಸಿ, ರಿಪೇರಿ ಆಮೇಲೆ ಮಾಡಿಕೊಳ್ಳಬಹುದು.

ರಿಪೇರಿಯ ಮೊದಲ ಮೆಟ್ಟಿಲು ಕಂಟ್ರೋಲ್ ಹಿಡಿದು ಎಫ್5 ಒತ್ತುವುದು. ಬರೀ ಎಫ್5 ಒತ್ತಿದರೆ ಬ್ರೌಸರ್ ತಾನು ಉಳಿಸಿಟ್ಟ ಹಳೆಯ ಕಡತಗಳನ್ನೇ ಮತ್ತೆ ಬಳಸಬಹುದು. ಕಂಟ್ರೋಲ್ ಜೊತೆ ಒತ್ತಿದರೆ ಎಲ್ಲವನ್ನೂ ಸರ್ವರಿನಿಂದ ಹೊಸದಾಗಿ ತರಿಸಿಕೊಳ್ಳುತ್ತದೆ. ಬಟನ್‌ಗಳು ಚೆಲ್ಲಾಪಿಲ್ಲಿಯಾಗಿ ಕಾಣುವ ಪುಟ, ನಿನ್ನೆಯ ಮಾಹಿತಿಯನ್ನೇ ತೋರಿಸುವ ಪುಟ ಇದರಿಂದಲೇ ಸರಿಹೋಗುವುದುಂಟು.

ಆಗಲಿಲ್ಲವೇ? ಆ ಒಂದು ಸೈಟಿನ ಕುಕಿಗಳನ್ನು ಮಾತ್ರ ಅಳಿಸಿ. ಕ್ರೋಮ್‌ನಲ್ಲಿ ಸೈಟಿನ ವಿಳಾಸದ ಎಡಕ್ಕೆ ಎರಡು ಗೆರೆ, ಎರಡು ಸೊನ್ನೆಯಂಥ ಚಿಹ್ನೆ ಇದೆ (2023ರವರೆಗೆ ಅಲ್ಲಿ ಬೀಗದ ಚಿತ್ರ ಇರುತ್ತಿತ್ತು). ಅದನ್ನು ಒತ್ತಿ, ‘ಕುಕೀಸ್ ಆಂಡ್ ಸೈಟ್ ಡೇಟಾ’ದೊಳಗಿನ ‘ಮ್ಯಾನೇಜ್ ಆನ್-ಡಿವೈಸ್ ಸೈಟ್ ಡೇಟಾ’ಗೆ ಹೋಗಿ, ಪಟ್ಟಿಯಲ್ಲಿ ಆ ಸೈಟಿನ ಹೆಸರಿನ ಮುಂದಿರುವ ಕಸದ ಬುಟ್ಟಿ ಒತ್ತಿ. ಲಾಗಿನ್ ಆದ ಕೂಡಲೇ ಮತ್ತೆ ಲಾಗಿನ್ ಪುಟಕ್ಕೇ ತಂದು ಬಿಡುವುದು, ‘ಟೂ ಮೆನಿ ರೀಡೈರೆಕ್ಟ್ಸ್’ ಎಂಬ ಸಂದೇಶ, ಇವುಗಳಿಗೆ ಬಹಳ ಸಲ ಇದೇ ಮದ್ದು. ಆ ಸೈಟಿಗೆ ಮತ್ತೊಮ್ಮೆ ಲಾಗಿನ್ ಆಗಬೇಕಾಗುತ್ತದೆ, ಮಿಕ್ಕ ಸೈಟುಗಳಿಗೆ ಏನೂ ಆಗುವುದಿಲ್ಲ.

ಮೂರನೆಯದು ಎಕ್ಸ್‌ಟೆನ್ಶನ್. ಮೇಲಿನ ಮೂಲೆಯ ಮೂರು ಚುಕ್ಕಿ ಒತ್ತಿ ‘ಮ್ಯಾನೇಜ್ ಎಕ್ಸ್‌ಟೆನ್ಶನ್ಸ್’ಗೆ ಹೋಗಿ ಎಲ್ಲವನ್ನೂ ಆಫ್ ಮಾಡಿ. ಆಮೇಲೆ ಒಂದೊಂದಾಗಿ ಆನ್ ಮಾಡುತ್ತ, ಪ್ರತಿ ಸಲವೂ ಸೈಟನ್ನು ರಿಫ್ರೆಶ್ ಮಾಡಿ ನೋಡಿ. ಯಾವುದನ್ನು ಹಾಕಿದಾಗ ಕೆಡುತ್ತದೋ ಅದೇ ಕಳ್ಳ. ಕೂಪನ್ ಹುಡುಕಿಕೊಡುವುದು, ಪಿಡಿಎಫ್ ಬದಲಾಯಿಸುವುದು, ವಿಡಿಯೋ ಇಳಿಸಿಕೊಡುವುದು ಎಂದು ಹೇಳಿಕೊಳ್ಳುವ ಎಕ್ಸ್‌ಟೆನ್ಶನ್‌ಗಳನ್ನು ಮೊದಲು ಅನುಮಾನಿಸಿ. ‘ಎಲ್ಲ ಸೈಟುಗಳ ನಿಮ್ಮ ಮಾಹಿತಿಯನ್ನು ಓದಿ ಬದಲಿಸುವ’ ಅನುಮತಿ ಪಡೆದ ಎಕ್ಸ್‌ಟೆನ್ಶನ್‌ಗೆ ನಿಮ್ಮ ಬ್ಯಾಂಕಿನ ಪುಟವೂ ಕಾಣುತ್ತದೆ. ಹಾಕಿದ್ದು ಯಾಕೆಂದು ಮನೆಯವರಲ್ಲಿ ಯಾರಿಗೂ ನೆನಪಿಲ್ಲದ್ದನ್ನು ಆಫ್ ಮಾಡಿ ಬಿಡಬೇಡಿ, ತೆಗೆದೇ ಹಾಕಿ.

ಇದಕ್ಕೆ ಸೇರಿದ ಇನ್ನೊಂದು ಮಾತು. ಬ್ರೌಸರ್ ಇಂಗ್ಲಿಷ್ ಪುಟವನ್ನು ತಾನಾಗಿ ಕನ್ನಡಕ್ಕೆ ಅನುವಾದಿಸಿ ತೋರಿಸುತ್ತಿದ್ದರೆ, ಅರ್ಜಿ ತುಂಬುವಾಗ ಮೂಲ ಭಾಷೆಗೆ ಮರಳಿಸಿ. ಅನುವಾದ ಪುಟದ ಒಳರಚನೆಯನ್ನೇ ಬದಲಿಸುವುದರಿಂದ ‘ಸಬ್ಮಿಟ್’ ಒತ್ತಿದರೂ ಏನೂ ಆಗದೆ ಹೋಗಬಹುದು. ಪ್ರಮಾಣಪತ್ರ, ಪಹಣಿ, ರಸೀದಿಗಳ ಪ್ರಿಂಟ್ ಒತ್ತಿದಾಗ ಏನೂ ತೆರೆಯದಿದ್ದರೆ ವಿಳಾಸಪಟ್ಟಿಯ ಬಲತುದಿ ನೋಡಿ. ಪಾಪ್‌ಅಪ್ ತಡೆಹಿಡಿದಿರುವ ಸಣ್ಣ ಚಿಹ್ನೆ ಅಲ್ಲಿರುತ್ತದೆ. ಅದನ್ನು ಒತ್ತಿ ಆ ಸೈಟಿಗೆ ಮಾತ್ರ ಅನುಮತಿ ಕೊಡಿ.

ಪರದೆಯ ಮೇಲಿನ ಮಾತು ಓದಿ

ಊರಲ್ಲಿರುವ ಅಪ್ಪನಿಗೆ ಫೋನಿನಲ್ಲೇ ರಿಪೇರಿ ಹೇಳಿಕೊಡುವ ಮಕ್ಕಳಿಗೆ ಒಂದು ಕೋರಿಕೆ. ‘ಏನೋ ಎರರ್ ಬರ್ತಿದೆ’ ಎಂದರೆ ಅಷ್ಟಕ್ಕೆ ಬಿಡಬೇಡಿ. ಪರದೆಯ ಫೋಟೊ ತೆಗೆದು ವಾಟ್ಸ್ಆ್ಯಪ್ ಮಾಡಲು ಹೇಳಿ. ಬೂದು ಅಕ್ಷರದ ಆ ಸಣ್ಣ ಸಾಲಿನಲ್ಲೇ ಅರ್ಧ ಉತ್ತರ ಇರುತ್ತದೆ.

‘ಡಿಎನ್ಎಸ್ ಪ್ರೋಬ್ ಫಿನಿಶ್ಡ್’ ಎಂದು ಶುರುವಾಗುವ ಸಂದೇಶವಿದ್ದರೆ ಸೈಟಿನ ಹೆಸರಿಗೆ ತಕ್ಕ ವಿಳಾಸ ಬ್ರೌಸರಿಗೆ ಸಿಕ್ಕಿಲ್ಲ ಎಂದರ್ಥ. ಆ ವಿಳಾಸ ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್ಎಸ್. ಮೊದಲು ಹೆಸರಿನ ಕಾಗುಣಿತ ಸರಿಯಿದೆಯೇ ನೋಡಿ. ಸರಿಯಿದ್ದೂ ಬರದಿದ್ದರೆ ಕ್ರೋಮ್ ಸೆಟ್ಟಿಂಗ್ಸ್‌ನ ‘ಪ್ರೈವೆಸಿ ಆಂಡ್ ಸೆಕ್ಯುರಿಟಿ’ಯೊಳಗೆ ‘ಸೆಕ್ಯುರಿಟಿ’ಗೆ ಹೋಗಿ ‘ಯೂಸ್ ಸೆಕ್ಯೂರ್ ಡಿಎನ್ಎಸ್’ನಲ್ಲಿ ಗೂಗಲ್ ಅಥವಾ ಕ್ಲೌಡ್‌ಫ್ಲೇರ್ ಆರಿಸಿ ನೋಡಿ. ನೆಟ್ ಕಂಪನಿಯ ಡಿಎನ್ಎಸ್ ಕೈಕೊಟ್ಟಿದ್ದರೆ ಇದರಿಂದ ದಾರಿ ಸಿಗುತ್ತದೆ.

‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’ ಎಂಬ ಕೆಂಪು ಎಚ್ಚರಿಕೆ ಒಂದೇ ಸೈಟಿಗೆ ಬಂದರೆ ತಪ್ಪು ಆ ಸೈಟಿನದಿರಬಹುದು. ಅಲ್ಲಿ ‘ಅಡ್ವಾನ್ಸ್ಡ್’ ಒತ್ತಿ ಮುಂದೆ ಹೋಗಿ ಪಾಸ್‌ವರ್ಡ್, ಕಾರ್ಡ್ ಸಂಖ್ಯೆ ಏನನ್ನೂ ಕೊಡಬೇಡಿ. ಎಲ್ಲ ಸೈಟಿಗೂ ಇದೇ ಬರುತ್ತಿದ್ದರೆ ಪರದೆಯ ಬಲಗಡೆ ಕೆಳಮೂಲೆಯ ಗಡಿಯಾರ ನೋಡಿ. ಕರೆಂಟ್ ಹೋಗಿ ಬಂದ ಮೇಲೆ ಹಳೆಯ ಡೆಸ್ಕ್‌ಟಾಪ್‌ಗಳ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಸುರಕ್ಷಿತ ಸೈಟುಗಳ ಪ್ರಮಾಣಪತ್ರ (ಸೈಟ್ ಅಸಲಿ ಎಂದು ಬ್ರೌಸರಿಗೆ ತೋರಿಸುವ ಡಿಜಿಟಲ್ ಗುರುತುಚೀಟಿ) ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಚಾಲ್ತಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಪುಕ್ಕಟೆಯಾಗಿ ಕೊಡುತ್ತ ಬಂದಿರುವ ಪ್ರಮಾಣಪತ್ರದ ಅವಧಿ 90 ದಿನ. ನಿಮ್ಮ ಕಂಪ್ಯೂಟರ್ ಇನ್ನೂ 2010ರಲ್ಲಿದೆ ಎಂದುಕೊಂಡರೆ ಅದರ ಲೆಕ್ಕದಲ್ಲಿ ಯಾವ ಪ್ರಮಾಣಪತ್ರವೂ ಇನ್ನೂ ಹುಟ್ಟೇ ಇಲ್ಲ!

ತಾರೀಖು, ಗಂಟೆ ಎರಡನ್ನೂ ಸರಿಮಾಡಿ, ಟೈಮ್ ಝೋನ್ ಭಾರತದ್ದೇ ಇದೆಯೇ ಎಂದೂ ನೋಡಿ, ಬ್ರೌಸರ್ ಮುಚ್ಚಿ ತೆರೆದರೆ ಎಲ್ಲ ಸರಿಹೋಗುತ್ತದೆ. ಆಫ್ ಮಾಡಿದಾಗಲೆಲ್ಲ ತಾರೀಖು ಮತ್ತೆ ಹಿಂದೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಮೇಲಿರುವ ಗುಂಡನೆಯ ಸೆಲ್ ಮುಗಿದಿದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್2032: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು, ಹಳೆಯದು ಯಾವ ಮುಖ ಮೇಲಾಗಿ ಕೂತಿತ್ತೆಂದು ನೋಡಿಕೊಂಡು ಅದೇ ರೀತಿ ಹೊಸದನ್ನು ಕೂರಿಸಬೇಕು. ಇಷ್ಟು ಸಣ್ಣ ಸೆಲ್ಲಿಗಾಗಿ ಕಂಪ್ಯೂಟರನ್ನು ಫಾರ್ಮ್ಯಾಟ್ ಹೊಡೆಸಿ, ಮಕ್ಕಳ ಹಳೆಯ ಫೋಟೊಗಳನ್ನು ಕಳೆದುಕೊಳ್ಳುವ ಪಾಡು ಯಾರಿಗೂ ಬರಬಾರದು.

‘ವೈರಸ್ ಬಂದಿದೆ’ ಎಂಬ ಸುಳ್ಳು

ಪರದೆಯ ಮೂಲೆಯಲ್ಲಿ ನಿಮಿಷಕ್ಕೊಂದರಂತೆ ‘ನಿಮ್ಮ ಕಂಪ್ಯೂಟರಿಗೆ ಐದು ವೈರಸ್ ತಗುಲಿದೆ’, ‘ಆ್ಯಂಟಿವೈರಸ್ ಅವಧಿ ಮುಗಿದಿದೆ’ ಎಂಬ ಚೌಕಗಳು ಮೂಡುತ್ತಿದ್ದರೆ ಗಾಬರಿ ಬೇಡ. ಅವು ಹೆಚ್ಚಾಗಿ ವೈರಸ್ಸಿನ ಕೆಲಸವಲ್ಲ. ಎಂದೋ ಯಾವುದೋ ಸೈಟ್ ‘ನೋಟಿಫಿಕೇಶನ್ ಕಳಿಸಲೇ?’ ಎಂದು ಕೇಳಿದಾಗ ಕೈ ತಪ್ಪಿ ‘ಅಲೋ’ ಒತ್ತಿರುತ್ತೀರಿ. ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದು ಮರುಳು ಮಾಡಿ ಒತ್ತಿಸಿಕೊಳ್ಳುವ ಸೈಟುಗಳೂ ಇವೆ. ಸೆಟ್ಟಿಂಗ್ಸ್, ‘ಪ್ರೈವೆಸಿ ಆಂಡ್ ಸೆಕ್ಯುರಿಟಿ’, ‘ಸೈಟ್ ಸೆಟ್ಟಿಂಗ್ಸ್’, ‘ನೋಟಿಫಿಕೇಶನ್ಸ್’ ಈ ದಾರಿಯಲ್ಲಿ ಹೋದರೆ ಅನುಮತಿ ಪಡೆದ ಸೈಟುಗಳ ಪಟ್ಟಿ ಇರುತ್ತದೆ. ಗುರುತಿಲ್ಲದ ಹೆಸರುಗಳ ಮುಂದಿನ ಮೂರು ಚುಕ್ಕಿ ಒತ್ತಿ ‘ಬ್ಲಾಕ್’ ಮಾಡಿ. ಮೇಲುಗಡೆ, ಯಾವ ಸೈಟೂ ಇನ್ನು ಮುಂದೆ ಕೇಳಲೇಬಾರದು ಎಂಬ ಆಯ್ಕೆಯೂ ಇದೆ. ಮನೆಯಲ್ಲಿ ವಯಸ್ಸಾದವರು ಬಳಸುವ ಕಂಪ್ಯೂಟರಿನಲ್ಲಿ ಇವತ್ತೇ ಅದನ್ನು ಆರಿಸಿಡಿ.

ಇದಕ್ಕಿಂತ ಕೆಟ್ಟದ್ದು ಇಡೀ ಪರದೆಯನ್ನು ಆವರಿಸಿ, ಕರ್ಕಶ ಸದ್ದು ಮಾಡುತ್ತ, ‘ಈ ನಂಬರಿಗೆ ಫೋನ್ ಮಾಡಿ’ ಎನ್ನುವ ಪುಟ. ಯಾವ ಬ್ರೌಸರೂ, ಯಾವ ವಿಂಡೋಸೂ ಎಚ್ಚರಿಕೆಯ ಜೊತೆ ಫೋನ್ ನಂಬರ್ ಕೊಡುವುದಿಲ್ಲ. ಎಸ್ಕೇಪ್ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಇಲ್ಲವೇ ಆಲ್ಟ್ ಹಿಡಿದು ಎಫ್4 ಒತ್ತಿ. ಎರಡಕ್ಕೂ ಬಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರನ್ನು ಆರಿಸಿ ‘ಎಂಡ್ ಟಾಸ್ಕ್’ ಮಾಡಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ತರಲೇ ಎಂದು ಕೇಳಿದರೆ ಬೇಡ ಎನ್ನಿ. ಫೋನ್ ಮಾಡಿ ದುಡ್ಡು ಕಳೆದುಕೊಂಡಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ದುಡ್ಡನ್ನು ನಡುವೆಯೇ ತಡೆಯುವ ಅವಕಾಶ ಹೆಚ್ಚು.

ನಿಧಾನ, ಹ್ಯಾಂಗ್, ಕಪ್ಪು ಪರದೆ

ಕ್ರೋಮ್ ಮತ್ತು ಎಡ್ಜ್‌ಗೆ ತಮ್ಮದೇ ಟಾಸ್ಕ್ ಮ್ಯಾನೇಜರ್ ಇದೆ. ಶಿಫ್ಟ್ ಹಿಡಿದು ಎಸ್ಕೇಪ್ ಒತ್ತಿದರೆ ಯಾವ ಟ್ಯಾಬ್, ಯಾವ ಎಕ್ಸ್‌ಟೆನ್ಶನ್ ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ತೋರಿಸುತ್ತದೆ. ‘ಮೆಮೊರಿ’ ಎಂಬ ತಲೆಬರಹ ಒತ್ತಿ ದೊಡ್ಡದನ್ನು ಮೇಲಕ್ಕೆ ತಂದು, ಅದನ್ನೊಂದನ್ನೇ ಮುಗಿಸಿ. 4 ಜಿಬಿ ರ‍್ಯಾಮ್‌ನ ಕಂಪ್ಯೂಟರಿನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಟ್ಟರೆ ಅದು ಏದುಸಿರು ಬಿಡುವುದು ಸಹಜ. ಕ್ರೋಮ್‌ನ ‘ಪರ್ಫಾರ್ಮೆನ್ಸ್’ ಸೆಟ್ಟಿಂಗ್‌ನಲ್ಲಿ ‘ಮೆಮೊರಿ ಸೇವರ್’ ಆನ್ ಮಾಡಿದರೆ ನೀವು ನೋಡದ ಟ್ಯಾಬ್‌ಗಳು ಮಲಗುತ್ತವೆ. ಅವಸರದಲ್ಲಿ ಬೇಕಾದ ಟ್ಯಾಬನ್ನೇ ಮುಚ್ಚಿಬಿಟ್ಟರೆ ಕಂಟ್ರೋಲ್, ಶಿಫ್ಟ್, ಟಿ ಒತ್ತಿ ವಾಪಸ್ ತರಬಹುದು.

ವಿಡಿಯೋ ಮಿಣುಕುವುದು, ಕಿಟಕಿ ಕಪ್ಪಾಗುವುದು ಇದ್ದರೆ ಸೆಟ್ಟಿಂಗ್ಸ್‌ನ ‘ಸಿಸ್ಟಮ್’ನಲ್ಲಿ ‘ಗ್ರಾಫಿಕ್ಸ್ ಆ್ಯಕ್ಸಿಲರೇಶನ್’ ಆಫ್ ಮಾಡಿ ಬ್ರೌಸರನ್ನು ಮತ್ತೆ ತೆರೆಯಿರಿ. ಅಕ್ಷರ ಇದ್ದಕ್ಕಿದ್ದಂತೆ ದೊಡ್ಡದೋ ಚಿಕ್ಕದೋ ಆದರೆ ಕಂಟ್ರೋಲ್ ಹಿಡಿದು ಸೊನ್ನೆ.

ಇಷ್ಟೆಲ್ಲ ಮಾಡಿಯೂ ಕ್ರೋಮ್ ಸರಿಹೋಗದಿದ್ದರೆ, ಹುಡುಕಿದ್ದೆಲ್ಲ ಯಾವುದೋ ಅಪರಿಚಿತ ಸೈಟಿಗೆ ಹೋಗುತ್ತಿದ್ದರೆ, ಆಗ ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿರುವ ‘ರೀಸೆಟ್ ಸೆಟ್ಟಿಂಗ್ಸ್’ ಒತ್ತಿ. ಎಕ್ಸ್‌ಟೆನ್ಶನ್‌ಗಳು ಆಫ್ ಆಗುತ್ತವೆ, ಕುಕಿಗಳು ಹೋಗುತ್ತವೆ. ಬುಕ್‌ಮಾರ್ಕ್, ಹಿಸ್ಟರಿ, ಪಾಸ್‌ವರ್ಡ್ ಉಳಿಯುತ್ತವೆ. ಫೈರ್‌ಫಾಕ್ಸ್‌ನ ‘ರಿಫ್ರೆಶ್ ಫೈರ್‌ಫಾಕ್ಸ್’ ಎಕ್ಸ್‌ಟೆನ್ಶನ್‌ಗಳನ್ನು ತೆಗೆದೇ ಹಾಕುತ್ತದೆ, ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳನ್ನು ಮುಟ್ಟುವುದಿಲ್ಲ.

ಕಂಪ್ಯೂಟರಿನಲ್ಲಿ ವಿಂಡೋಸ್ 7 ಅಥವಾ 8 ಇದ್ದರೆ ಮಾತು ಬೇರೆ. ಅವುಗಳಿಗೆ ಬಂದ ಕೊನೆಯ ಕ್ರೋಮ್ 109. 2023ರ ಫೆಬ್ರುವರಿಯಲ್ಲಿ ಬಂದ 110ರಿಂದ ವಿಂಡೋಸ್ 10 ಅಥವಾ ಅದರ ನಂತರದ್ದೇ ಬೇಕು. ಹೊಸ ಸೈಟುಗಳು ಅಲ್ಲಿ ಅರ್ಧಂಬರ್ಧ ತೆರೆದರೆ ಕುಕಿ ಅಳಿಸಿ ಉಪಯೋಗವಿಲ್ಲ, ಬ್ಯಾಂಕಿನ ಕೆಲಸಕ್ಕಂತೂ ಆ ಯಂತ್ರ ಬೇಡವೇ ಬೇಡ. ಕಂಪ್ಯೂಟರ್ ಬದಲಿಸುವ ಮೊದಲು ಪಾಸ್‌ವರ್ಡ್‌ಗಳನ್ನು ಪೆನ್‌ಡ್ರೈವಿಗೆ ಎಕ್ಸ್‌ಪೋರ್ಟ್ ಮಾಡಿಕೊಂಡಿದ್ದರೆ, ಆ ಕಡತವನ್ನು ಯಾರು ಬೇಕಾದರೂ ತೆರೆದು ಓದಬಹುದು ಎಂಬುದು ನೆನಪಿರಲಿ. ಹೊಸ ಬ್ರೌಸರಿಗೆ ಸೇರಿಸಿದ ಕೂಡಲೇ ಅದನ್ನು ಪೆನ್‌ಡ್ರೈವಿನಿಂದಲೂ ಹಳೆಯ ಕಂಪ್ಯೂಟರಿನಿಂದಲೂ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ.