ಮಳೆಗಾಲಕ್ಕೆ ಮೊದಲು ವಾಷಿಂಗ್ ಮೆಷಿನ್ನಿನ ಹಿಂದೆ ಒಮ್ಮೆ ಇಣುಕಿ

ನಮ್ಮ ಉಡುಪಿ ಕಡೆ ಎಷ್ಟೋ ಮನೆಗಳಲ್ಲಿ ವಾಷಿಂಗ್ ಮೆಷಿನ್ ಇರುವುದು ಮನೆಯ ಒಳಗಲ್ಲ. ಹಿಂದಿನ ಜಗಲಿಯಲ್ಲೋ, ಬಚ್ಚಲಿನ ಪಕ್ಕದ ಶೀಟಿನ ಮಾಡಿನ ಅಡಿಯಲ್ಲೋ ನಿಂತಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಎರಚಲು, ಉಳಿದ ದಿನ ಸಮುದ್ರದ ಉಪ್ಪುಗಾಳಿ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಯಾರೋ ಮಾಡಿದ ವಿಡಿಯೋ ನೋಡಿ ನಮ್ಮ ಮೆಷಿನ್ ನೋಡಿಕೊಳ್ಳಲು ಹೊರಟರೆ, ಬೇಡದ ಕೆಲಸ ಮಾಡುತ್ತೇವೆ, ಬೇಕಾದದ್ದು ಬಿಟ್ಟುಹೋಗುತ್ತದೆ.

ಅವರು ಹೇಳುವುದೆಲ್ಲ ಗಡಸು ನೀರಿನ ಕಥೆ. ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ, ಅದು ಹೀಟರಿಗೂ ಡ್ರಮ್ಮಿಗೂ ಬಿಳಿ ಪದರ ಕಟ್ಟುತ್ತದೆ, ಆದ್ದರಿಂದ ತಿಂಗಳು ತಿಂಗಳು ಪುಡಿ ಹಾಕಿ ತೊಳೆಯಿರಿ ಅಂತ. ನಮ್ಮಲ್ಲಿ ಹೆಚ್ಚಿನವರದ್ದು ಮುರಕಲ್ಲು, ಅಂದರೆ ಕೆಂಪುಕಲ್ಲು ನೆಲದ ಬಾವಿ ನೀರು. ಇಲ್ಲದಿದ್ದರೆ ನಲ್ಲಿ ನೀರು, ಉಡುಪಿಗಾದರೆ ಸ್ವರ್ಣಾ ನದಿಯ ಬಜೆಯಿಂದ, ಮಂಗಳೂರಿಗಾದರೆ ನೇತ್ರಾವತಿಯ ತುಂಬೆಯಿಂದ. ಸಾಮಾನ್ಯವಾಗಿ ಎಲ್ಲವೂ ಮೆದು ನೀರೇ. ಸೋಪು ಉಜ್ಜಿದ ಕೂಡಲೇ ನೊರೆ ಬರುತ್ತದೆ ಅಂದರೆ ಸುಣ್ಣದ ಚಿಂತೆ ಬಿಡಿ. ಕಡಲ ಬದಿಯ ಉಪ್ಪು ಬಾವಿ, ಆಳದ ಬೋರ್‌ವೆಲ್ ಇರುವವರದ್ದು ಬೇರೆ ಮಾತು. ಉಳಿದವರ ತಲೆನೋವು ಕೆಂಪು ಕೆಸರು, ಕಬ್ಬಿಣದ ಅಂಶ, ತೇವ. ಮತ್ತೆ ಇಲಿ.

ಕೆಸರಿನಿಂದಲೇ ಶುರು ಮಾಡೋಣ. "ದೊಡ್ಡಮ್ಮಾ, ಮೆಷಿನ್ ನೀರೇ ತಗೊಳ್ತಾ ಇಲ್ಲ, ಬೋರ್ಡ್ ಹೋಗಿರಬೇಕು ಅಂತಾರೆ" ಎಂದು ತಂಗಿಯ ಮಗಳು ಮಣಿಪಾಲದಿಂದ ಫೋನ್ ಮಾಡಿದ್ದಳು. ಬೋರ್ಡ್ ಅಂದರೆ ಮೆಷಿನ್ನಿನ ಒಳಗಿನ ಎಲೆಕ್ಟ್ರಾನಿಕ್ ಸರ್ಕ್ಯೂಟ್. ಅದಕ್ಕೆ ದುಡ್ಡು ಸುರಿಯುವ ಮೊದಲು ಹಿಂದಿನ ಪೈಪು ಬಿಚ್ಚಿ ನೋಡು ಮಾರಾಯ್ತಿ ಅಂದೆ. ಸಂಜೆ ಫೋಟೋ ಕಳಿಸಿದಳು. ಜಾಲರಿ ಅನ್ನುವುದು ಕಾಣುವುದೇ ಇಲ್ಲ, ಕೆಮ್ಮಣ್ಣು ಅರೆದು ಮೆತ್ತಿದ ಹಾಗಿತ್ತು.

ಆ ಜಾಲರಿ ಎಲ್ಲಿರುತ್ತದೆ ಅಂದರೆ, ನಲ್ಲಿಯಿಂದ ಬರುವ ಪೈಪು ಮೆಷಿನ್ನಿಗೆ ಸೇರುವ ಬಾಯಿಯ ಒಳಗೆ. ಮೊದಲು ಪ್ಲಗ್ ತೆಗೆಯಿರಿ, ನಲ್ಲಿ ಮುಚ್ಚಿ. ಪೈಪಿನ ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ, ಕೆಳಗೆ ಒಂದು ಬಾಲ್ದಿ ಇರಲಿ. ಬಾಯಿಯೊಳಗೆ ಟಾರ್ಚ್ ಹಾಕಿ ನೋಡಿದರೆ ಕಾಸಿನಗಲದ ಸಣ್ಣ ಜಾಲರಿ ಕಾಣುತ್ತದೆ. ಅದರ ನಡುವೆ ಹಿಡಿಯಲೆಂದೇ ಒಂದು ಮೂಗು ಇರುತ್ತದೆ. ಇಕ್ಕಳದಲ್ಲಿ ಅದನ್ನು ಮೆಲ್ಲ ಹಿಡಿದು ನೇರವಾಗಿ ಎಳೆಯಿರಿ. ಅಡ್ಡಡ್ಡ ತಿರುಚಿದರೆ ಮೂಗು ಮುರಿಯುತ್ತದೆ, ಆಮೇಲೆ ಕಷ್ಟ. ಹಳೇ ಟೂತ್‌ಬ್ರಶ್ಶಿನಲ್ಲಿ ಉಜ್ಜಿ ಬೆಳಕಿಗೆ ಹಿಡಿಯಿರಿ, ಎಲ್ಲ ತೂತೂ ಕಾಣಬೇಕು. ಜಾಲರಿ ಹೊರಗಿರುವಾಗ ಮಾತ್ರ ಯಾವ ಕಾರಣಕ್ಕೂ ನೀರು ಬಿಡಬೇಡಿ. ಒಂದು ಮರಳಿನ ಕಣ ಒಳಗಿನ ವಾಲ್ವಿನಲ್ಲಿ ಸಿಕ್ಕಿಕೊಂಡರೂ ಸಾಕು, ಮೆಷಿನ್ ಬಂದ್ ಇದ್ದಾಗಲೂ ನೀರು ಸೋರಿ ಡ್ರಮ್ಮು ತುಂಬುತ್ತದೆ. ನಲ್ಲಿಯ ತುದಿಯಲ್ಲೂ ಕೆಲವೊಮ್ಮೆ ಇಂಥದ್ದೇ ಜಾಲರಿ ಇರುತ್ತದೆ, ಅದನ್ನೂ ನೋಡಿ. ಪೈಪಿನೊಳಗಿನ ರಬ್ಬರ್ ವಾಷರ್ ಬಿರುಕು ಬಿಟ್ಟಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಸದು ಸಿಗುತ್ತದೆ. ಮರಳಿ ಹಾಕುವಾಗ ಕೈಬಿಗಿ ಸಾಕು, ಸ್ಪ್ಯಾನರ್ ಬೇಡ. ನೀರು ಬಿಟ್ಟ ಮೇಲೆ ಜೋಡಣೆಯ ಸುತ್ತ ಒಣಗಿದ ಕಾಗದ ಒತ್ತಿ ನೋಡಿ, ಎಷ್ಟು ಸಣ್ಣ ಸೋರಿಕೆಯಾದರೂ ಗೊತ್ತಾಗುತ್ತದೆ. ಮೊದಲ ಮಳೆಗೆ ಬಾವಿ ನೀರು ಕೆಂಪಾಗುತ್ತದಲ್ಲ, ಅದು ತಿಳಿಯಾದ ಮೇಲೆ ಇನ್ನೊಮ್ಮೆ ಇದೇ ಕೆಲಸ ಮಾಡಬೇಕು.

ನೀರು ಹೊರಗೆ ಹೋಗುವ ಕಡೆಯದ್ದು ಇನ್ನೊಂದು ಗೋಳು. ಫ್ರಂಟ್ ಲೋಡ್ ಇದ್ದವರು ಮುಂದೆ ಕೆಳಮೂಲೆಯ ಸಣ್ಣ ಬಾಗಿಲು ತೆರೆದರೆ ಪಂಪಿನ ಫಿಲ್ಟರ್ ಸಿಗುತ್ತದೆ. ಚಪ್ಪಟೆ ತಟ್ಟೆ ಇಟ್ಟು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಒಳಗೆ ನೀರು ಉಳಿದಿರುತ್ತದೆ. ಬಿಸಿನೀರಿನಲ್ಲಿ ಒಗೆದಿದ್ದರೆ ಆರಲು ಬಿಡಿ. ನಾಣ್ಯ, ಸೇಫ್ಟಿ ಪಿನ್ನು, ಗುಂಡಿ, ಜೇಬಿನಲ್ಲಿ ಮರೆತ ಮಲ್ಲಿಗೆ ಚೆಂಡಿನ ಬಾಳೆನಾರು, ಎಲ್ಲ ಅಲ್ಲೇ. ಶಂಕರಪುರ ಮಲ್ಲಿಗೆ ಕಟ್ಟುವ ಆ ನಾರು ಪಂಪಿನೊಳಗೆ ಫ್ಯಾನಿನಂತೆ ತಿರುಗುವ ಎಲೆಗೆ ಸುತ್ತಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ, ಕತ್ತರಿಸಿಯೇ ತೆಗೆಯಬೇಕು. ಫಿಲ್ಟರ್ ತೆಗೆದ ಮೇಲೆ ಬೆರಳು ಹಾಕಿ ಪಂಪಿನ ಎಲೆ ತಿರುಗಿಸಿ ನೋಡಿ. ಅದು ತಡೆ ತಡೆದು ತಿರುಗುತ್ತದೆ. ಒಳಗೆ ಅಯಸ್ಕಾಂತ ಇರುವುದರಿಂದ ಹಾಗೆ, ಹಾಳಾಗಿದೆ ಅಂತ ಗಾಬರಿ ಬೇಡ. ಪೂರ್ತಿ ಅಲ್ಲಾಡದಿದ್ದರೆ ಮಾತ್ರ ಒಳಗೆ ಏನೋ ಸಿಕ್ಕಿದೆ ಅಂತ ಲೆಕ್ಕ.

ಹೊರಗಿನ ಪೈಪಿನ ವಿಷಯದಲ್ಲಿ ಎರಡು ಜಾತಿ ಇದೆ, ಹೆಚ್ಚಿನವರು ಗಲಿಬಿಲಿ ಮಾಡಿಕೊಳ್ಳುವುದು ಇಲ್ಲೇ. ಪಂಪ್ ಇರುವ ಮೆಷಿನ್ನಿನ ಪೈಪಿನ ತುದಿ ನೆಲದಿಂದ ಸುಮಾರು 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಅದನ್ನು ಸುಮ್ನೆ ನೆಲಕ್ಕೆ ಹಾಕಿದರೆ ಒಂದು ಕಡೆ ನೀರು ತುಂಬುತ್ತದೆ, ಇನ್ನೊಂದು ಕಡೆ ತಾನಾಗಿ ಹರಿದುಹೋಗುತ್ತದೆ. ಮೆಷಿನ್ ಗಂಟೆಗಟ್ಟಲೆ ತುಂಬುತ್ತಲೇ ಇರುತ್ತದೆ, ನಾವು ಬೋರ್ಡನ್ನು ಬಯ್ಯುತ್ತೇವೆ. ಪಂಪ್ ಇಲ್ಲದ ಟಾಪ್ ಲೋಡ್ ಮತ್ತು ಸೆಮಿ ಆಟೋಮ್ಯಾಟಿಕ್‌ಗೆ ಇದರ ತಿರುಗುಮುರುಗು. ಅವುಗಳ ಪೈಪು ನೆಲದಲ್ಲೇ ಇಳಿಜಾರಾಗಿ ಮಲಗಿರಬೇಕು. ನಡುವೆ ಎಲ್ಲಾದರೂ ಡೊಂಕಾಗಿ ಎದ್ದರೆ ನೀರು ನಿಲ್ಲುತ್ತದೆ. ತೋಟದ ಕಡೆ ನೀರು ಬಿಡುವವರು ಪೈಪಿನ ಬಾಯಿಗೆ ತೂತಿರುವ ಮುಚ್ಚಳವನ್ನೋ ಕಬ್ಬಿಣದ ಬಲೆಯನ್ನೋ ಹಾಕಿ. ಇಲಿ ಒಳಗೆ ನುಗ್ಗುವ ಒಂದು ದಾರಿ ಅದು. ಇನ್ನೊಂದು ದಾರಿ ಮೆಷಿನ್ನಿನ ತಳ. ಖರೀದಿ ಮಾಡುವಾಗ ಕೊಟ್ಟ ತಳದ ಪ್ಲಾಸ್ಟಿಕ್ ಹಾಳೆ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೆ ಧೂಳು ತಿನ್ನುತ್ತಿದೆ. ಹುಡುಕಿ ಹಾಕಿಸಿ. ಇಲಿ ಕಚ್ಚಿದ ವಯರಿನ ರಿಪೇರಿ ಸಣ್ಣ ಖರ್ಚಲ್ಲ.

ವಾಸನೆಯ ದೂರು ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ ಜಾಸ್ತಿ. ಮೆದು ನೀರಿಗೆ ಡಬ್ಬಿಯಲ್ಲಿ ಹೇಳಿದಷ್ಟು ಪುಡಿ ಬೇಡ. ಅರ್ಧದಿಂದ ಶುರು ಮಾಡಿ, ಬಟ್ಟೆ ಸ್ವಚ್ಛವಾದರೆ ಅಷ್ಟೇ ಸಾಕು. ಜಾಸ್ತಿ ಹಾಕಿದ ಸೋಪು ಡ್ರಮ್ಮಿನ ಹೊರಗೋಡೆಯಲ್ಲಿ ಜಿಡ್ಡಾಗಿ ಕೂರುತ್ತದೆ, ಅದರಲ್ಲೇ ಬೂಷ್ಟು ಬೆಳೆಯುತ್ತದೆ. ಒಗೆದ ಮೇಲೆ ಬಾಗಿಲು ತೆರೆದಿಡಿ, ಫ್ರಂಟ್ ಲೋಡಿನ ರಬ್ಬರ್ ಮಡಿಕೆಯೊಳಗೆ ಬೆರಳು ಹಾಕಿ ಬಟ್ಟೆಯಲ್ಲಿ ಒರೆಸಿ. ಸಣ್ಣ ಮಕ್ಕಳಿರುವ ಮನೆಯಲ್ಲಿ ತೆರೆದ ಮೆಷಿನ್ ಮೇಲೆ ಕಣ್ಣಿರಲಿ. ಚಂದ ಕಾಣಲೆಂದು ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ ಕವರ್ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ. ಒಳಗೆ ತೇವ ಕೂತು ಉಪ್ಪುಗಾಳಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಎರಚಲು ಬೀಳುವ ಕಡೆಗೆ ಮಾತ್ರ ಒಂದು ಅಡ್ಡ ಶೀಟು ಕಟ್ಟಿ, ಗಾಳಿಯಾಡಲಿ.

ಬಿಳಿ ಬಟ್ಟೆ ಹಳದಿಯಾಗುತ್ತದೆ ಎಂದು ಬ್ಲೀಚ್ ಸುರಿಯುವವರಿದ್ದಾರೆ. ಕಬ್ಬಿಣದ ಅಂಶ ಇರುವ ಬಾವಿ ನೀರಿಗೆ ಬ್ಲೀಚ್ ಬಿದ್ದರೆ ಆ ಕಬ್ಬಿಣ ತುಕ್ಕಾಗಿ ಬಟ್ಟೆಗೇ ಹಿಡಿಯುತ್ತದೆ, ಕಲೆ ಇನ್ನೂ ಹೆಚ್ಚು. ಅದಕ್ಕೆ ಮದ್ದು ಹುಳಿ. ನಿಂಬೆ ಉಪ್ಪು ಅಂತ ಕೇಳಿದರೆ ಅಂಗಡಿಯಲ್ಲಿ ಸಿಟ್ರಿಕ್ ಆಸಿಡ್ ಕೊಡುತ್ತಾರೆ. ಡ್ರಮ್ಮು ಕೆಂಪಾಗಿದ್ದರೆ 100 ಗ್ರಾಂ ಹಾಕಿ, ಬಟ್ಟೆ ಇಲ್ಲದೆ ಬಿಸಿನೀರಿನಲ್ಲಿ ಒಂದು ಸುತ್ತು ಓಡಿಸಿ. ವರ್ಷಕ್ಕೆ ಎರಡು ಸಲ ಸಾಕು. ಆದರೆ ಬ್ಲೀಚ್ ಮತ್ತು ಹುಳಿ ಒಟ್ಟಿಗೆ ಸೇರಲೇಬಾರದು, ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಒಂದು ಹಾಕಿದ ದಿನ ಇನ್ನೊಂದರ ಸುದ್ದಿಗೇ ಹೋಗಬೇಡಿ.

ಹಿಂಡುವಾಗ ಮೆಷಿನ್ ಕುಣಿದರೆ ಮೊದಲು ನೆಲ ನೋಡಿ. ನಮ್ಮ ಬಟ್ಟೆ ಒಗೆಯುವ ಜಾಗ ನೀರು ಹರಿಯಲೆಂದು ಇಳಿಜಾರಾಗಿಯೇ ಇರುತ್ತದೆ ಅಲ್ವಾ? ಖಾಲಿ ಮೆಷಿನ್ನಿನ ಎದುರುಬದುರು ಮೂಲೆ ಒತ್ತಿ. ಅಲ್ಲಾಡಿದರೆ ಕಾಲು ತಿರುಗಿಸಿ ಮಟ್ಟ ಮಾಡಿ, ಮೇಲಿನ ನಟ್ಟು ಬಿಗಿ ಮಾಡಿ. ಹೊಸ ಫ್ರಂಟ್ ಲೋಡ್ ಮೊದಲ ದಿನವೇ ಭಯಂಕರ ಕುಣಿದರೆ, ಸಾಗಿಸುವಾಗ ಡ್ರಮ್ಮು ಅಲ್ಲಾಡದಂತೆ ಹಿಂದೆ ಹಾಕಿದ ಬೋಲ್ಟುಗಳನ್ನು ಯಾರೂ ತೆಗೆದಿಲ್ಲ ಅಂತ ಅರ್ಥ. ದಪ್ಪ ಬೆಡ್‌ಶೀಟ್ ಒಂದನ್ನೇ ಹಾಕಿದರೂ ಭಾರ ಒಂದು ಬದಿಗೆ ಬಿದ್ದು ಕುಣಿಯುತ್ತದೆ, ಜೊತೆಗೆ ಎರಡು ಟವೆಲ್ ಹಾಕಿ.

ಸೆಮಿ ಆಟೋಮ್ಯಾಟಿಕ್‌ನಲ್ಲಿ ಹಿಂಡುವ ಮೋಟಾರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ ಅಂದರೆ ಪ್ಲಗ್ ತೆಗೆದು, ಮುಚ್ಚಳ ಮುಚ್ಚಿಟ್ಟು ಬ್ರೇಕ್ ಬಿಡುತ್ತದಾ ನೋಡಿ. ಸಣ್ಣ ಕರವಸ್ತ್ರವೋ ಕಾಲುಚೀಲವೋ ಬುಟ್ಟಿಯ ಅಡಿಗೆ ಜಾರಿರುವುದೂ ಉಂಟು. ಅದೆಲ್ಲ ಸರಿ ಇದ್ದರೆ ಮೋಟಾರ್ ತಿರುಗಲು ಶುರುವಾಗುವಂತೆ ಮಾಡುವ ಕೆಪಾಸಿಟರ್ ಹೋಗಿರಬಹುದು. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ, ಕೈ ಹಾಕಬೇಡಿ.

ಕರೆಂಟಿನ ವಿಷಯದಲ್ಲಿ ನಾನು ರಾಜಿ ಆಗುವವಳಲ್ಲ. ಒದ್ದೆ ನೆಲದಲ್ಲಿ ನಿಂತು ಮೆಷಿನ್ ಮುಟ್ಟಿದಾಗ ಜುಮ್ ಅಂದರೆ ಅವತ್ತೇ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ, ಅಲ್ಲಿವರೆಗೆ ಕೈಯಲ್ಲೇ ಒಗೆಯಿರಿ. ಹೀಟರ್ ಇರುವ ಫ್ರಂಟ್ ಲೋಡ್ ಸುಮಾರು 2000 ವ್ಯಾಟ್ ಎಳೆಯುತ್ತದೆ, ಅದಕ್ಕೆ 16 ಆಂಪ್ಸ್ ಸಾಕೆಟ್ಟೇ ಬೇಕು, ಎಕ್ಸ್‌ಟೆನ್ಶನ್ ಬಾಕ್ಸ್ ಬೇಡವೇ ಬೇಡ. ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿ ಆಂಪ್ಸಿನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ, ಅದರ ಟೆಸ್ಟ್ ಗುಂಡಿ ಆಗಾಗ ಒತ್ತಿ ನೋಡಿ. ಏಪ್ರಿಲ್, ಮೇ ಮತ್ತು ಅಕ್ಟೋಬರ್ ಹೊತ್ತಿಗೆ ಸಂಜೆ ಗುಡುಗು ಕೇಳಿಸುವ ಮೊದಲೇ ಪ್ಲಗ್ ಕಿತ್ತಿಡಿ. ಬೋರ್ಡ್ ನಿಜವಾಗಿ ಸುಡುವುದು ಹೆಚ್ಚಾಗಿ ಆ ದಿನಗಳಲ್ಲೇ.

ರಿಪೇರಿಯವರನ್ನು ಕರೆಯುವುದೇ ಆದರೆ ಹಿಂದಿನ ಸ್ಟಿಕ್ಕರಿನ ಮಾಡೆಲ್ ನಂಬರ್, ಪರದೆಯಲ್ಲಿ ಬಂದ ಎರರ್ ಕೋಡ್ ಎರಡರದ್ದೂ ಫೋಟೋ ತೆಗೆದಿಟ್ಟುಕೊಳ್ಳಿ. ಜಾಲರಿ, ಫಿಲ್ಟರ್ ನಾವೇ ನೋಡಿದ್ದೇವೆ ಅಂತ ಮೊದಲೇ ಹೇಳಿಬಿಡಿ. ಹೊಸ ಪಾರ್ಟ್ ಹಾಕಿದರೆ ಬಿಲ್ ಕೇಳಿ, ಬಿಚ್ಚಿದ ಹಳೇ ಪಾರ್ಟನ್ನು ಇಲ್ಲೇ ಬಿಟ್ಟುಹೋಗಿ ಅನ್ನಿ.